ಹೆಲ್ಮೆಟ್ ಇಲ್ಲದ ಕಳ್ಳ

ಪುಣೆಯಲ್ಲಿ ನಿಲ್ಲಿಸಿ ಹೋದ ಸ್ಕೂಟರ್ ವಾಪಸು ಬಂದಾಗ ಕಾಣದಿದ್ದರೆ ಮೊದಲ ಅನುಮಾನ ಹೋಗುವುದು ಕಳ್ಳನ ಮೇಲಲ್ಲ, ಟ್ರಾಫಿಕ್ ಪೊಲೀಸರ ಮೇಲೆ. ಹಳೆಯ ಪೇಟೆಯ ಬೀದಿಗಳಲ್ಲಿ ಪಿ1, ಪಿ2 ಎಂಬ ಬೋರ್ಡುಗಳಿವೆ. ಬೆಸ ತಾರೀಖಿಗೆ ರಸ್ತೆಯ ಒಂದು ಮಗ್ಗುಲು, ಸಮ ತಾರೀಖಿಗೆ ಇನ್ನೊಂದು. ತಾರೀಖು ತಪ್ಪಿ ನಿಲ್ಲಿಸಿದರೆ ಟೋಯಿಂಗ್ ಟೆಂಪೊ ಬರುತ್ತದೆ, ಹುಡುಗರು ಧುಮುಕುತ್ತಾರೆ, ಹ್ಯಾಂಡಲ್ ಲಾಕ್ ಆಗಿರುವ ಗಾಡಿಯನ್ನು ಹಿಂದೆ ಮುಂದೆ ಹಿಡಿದೆತ್ತಿ ಮೇಲೆ ಹಾಕಿಕೊಂಡು ಹೋಗುತ್ತಾರೆ. ಆದ್ದರಿಂದ ಗಾಡಿ ಕಾಣದವರು ಪಕ್ಕದ ಪಾನ್ ಅಂಗಡಿಯವನನ್ನು ಕೇಳುವ ಮೊದಲ ಪ್ರಶ್ನೆ, "ಟೋಯಿಂಗ್‌ನವರು ಬಂದಿದ್ರಾ?" ಅವನು ತಲೆಯೆತ್ತದೆ "ಬಂದಿರಬೇಕು" ಎನ್ನುತ್ತಾನೆ. ಆಮೇಲೆ ರಿಕ್ಷಾ ಹಿಡಿದು ಚೌಕಿಗೆ ಓಟ, ಅಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ತಮ್ಮದರ ಹುಡುಕಾಟ, "ಇಲ್ಲಿಲ್ಲ, ಆ ಕಡೆಯ ಚೌಕಿಗೆ ಹೋಗಿ ನೋಡಿ" ಎಂಬ ಸಲಹೆ. ಕಳುವಾಗಿದೆ ಎಂದು ಖಾತ್ರಿಯಾಗುವ ಹೊತ್ತಿಗೆ ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಗಾಡಿ ಕಾತ್ರಜ್ ಘಾಟ್ ದಾಟಿ ಸಾತಾರಾ ದಾರಿ ಹಿಡಿದಿದ್ದರೂ ಆಶ್ಚರ್ಯವಿಲ್ಲ.

ಕಳೆದುಹೋದ ಆ ಗಂಟೆಗಿಂತ ನನಗೆ ಕುತೂಹಲ ಹುಟ್ಟಿಸುವುದು ಎತ್ತುವ ದೃಶ್ಯ. ಬೀಗ ಹಾಕಿದ ಗಾಡಿಯನ್ನು ಹಾಡಹಗಲೇ ನಾಲ್ಕು ಜನ ಹೊತ್ತೊಯ್ಯುವುದು ದಿನನಿತ್ಯದ ನೋಟವಾಗಿರುವ ಊರಿನಲ್ಲಿ, ಐದನೆಯವರು ಯಾರೋ ಹಾಗೆಯೇ ಹೊತ್ತೊಯ್ದರೆ ತಡೆಯುವವರು ಯಾರು? ಇನ್ನೊಂದು ನೋಟವೂ ಇದೆ. ಪೆಟ್ರೋಲ್ ಮುಗಿದ ಗಾಡಿಯನ್ನು ಹಿಂದಿನಿಂದ ಮತ್ತೊಬ್ಬ ತನ್ನ ಗಾಡಿಯ ಮೇಲೆ ಕುಳಿತೇ ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದು. ಪುಣೆಯಲ್ಲೂ ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಇದನ್ನು ನೋಡಿದವರು ಪಾಪ ಎಂದುಕೊಂಡು ದಾರಿ ಬಿಡುತ್ತಾರೆ. ಎಂಜಿನ್ ಶುರುವಾಗದ ಕದ್ದ ಗಾಡಿ ಸಾಗುವುದೂ ಹೀಗೆಯೇ. ನ್ಯೂಯಾರ್ಕಿನ ಕೇಸಿ ನೈಸ್ಟಾಟ್ ಎಂಬ ಚಿತ್ರನಿರ್ಮಾಪಕ 2012ರಲ್ಲಿ ತನ್ನದೇ ಸೈಕಲ್ಲಿನ ಸರಪಳಿಯನ್ನು ನಡುರಸ್ತೆಯಲ್ಲಿ ದೊಡ್ಡ ದೊಡ್ಡ ಸಲಕರಣೆಗಳಿಂದ ಕತ್ತರಿಸುವ ವಿಡಿಯೊ ಮಾಡಿದ. ಜನ ಪಕ್ಕದಲ್ಲೇ ನಡೆದು ಹೋದರು. ಕಳ್ಳ ಕತ್ತಲಲ್ಲಿ ಅಡಗುತ್ತಾನೆಂದು ನಾವು ನಂಬಿದ್ದೇವೆ. ಅವನಿಗೆ ಅದಕ್ಕಿಂತ ಭದ್ರವಾದ ಜಾಗ ಮಾಮೂಲಿ ನೋಟ.

ಅಪರಾಧದ ಅಧ್ಯಯನ ಬಹಳ ಕಾಲ ಕಳ್ಳನ ಒಳಗನ್ನೇ ಕೆದಕುತ್ತಿತ್ತು. ಬಡತನವೇ, ಬಾಲ್ಯವೇ, ತಲೆಬುರುಡೆಯ ಆಕಾರವೇ ಎಂದು ನೂರೆಂಟು ತರ್ಕ. 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂದು ವಿಚಿತ್ರ ಸಂಗತಿಯನ್ನು ಎದುರಿಟ್ಟುಕೊಂಡು ಕುಳಿತರು. ಎರಡನೇ ಮಹಾಯುದ್ಧದ ನಂತರ ಅವರ ದೇಶದಲ್ಲಿ ಆದಾಯ ಏರಿತ್ತು, ಶಾಲೆ ಕಲಿತವರು ಹೆಚ್ಚಿದ್ದರು, ಆದರೂ ಕಳವು ಏರುತ್ತಲೇ ಇತ್ತು. ಅವರು ಕಂಡುಕೊಂಡ ಉತ್ತರದಲ್ಲಿ ಕಳ್ಳನ ಮನಸ್ಸಿಗೆ ಹೆಚ್ಚು ಜಾಗವಿಲ್ಲ. ಜನರ ದಿನಚರಿ ಬದಲಾಗಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಮನೆಗಳು ಹಗಲಲ್ಲಿ ಖಾಲಿ ಬಿದ್ದಿದ್ದವು. ಟಿವಿ, ರೇಡಿಯೊಗಳು ಒಬ್ಬ ಹೊತ್ತೊಯ್ಯುವಷ್ಟು ಹಗುರಾಗಿದ್ದವು. ಕದಿಯುವ ಮನಸ್ಸಿರುವವನು, ಕದಿಯಲು ತಕ್ಕ ವಸ್ತು, ಕಾಯುವವರ ಗೈರುಹಾಜರಿ: ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಿದರೆ ಕಳವು ಆಗುತ್ತದೆ, ಒಂದನ್ನು ತೆಗೆದರೂ ಆಗುವುದಿಲ್ಲ ಎಂದರು ಅವರು.

ಈ ಕನ್ನಡಕ ಹಾಕಿಕೊಂಡು ಪುಣೆಯನ್ನು ನೋಡಿ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿದ್ದ ನಗರ. ಬಜಾಜ್ ಸ್ಕೂಟರ್ ತಯಾರಾದದ್ದು ಇಲ್ಲಿಯ ಆಕುರ್ಡಿಯಲ್ಲಿ. ಲೂನಾ ಹುಟ್ಟಿದ್ದೂ ಇಲ್ಲಿಯ ಫಿರೋದಿಯಾ ಕುಟುಂಬದ ಕಂಪನಿಯಲ್ಲಿ. 2018ರ ಹೊತ್ತಿಗೆ ಇಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ 36 ಲಕ್ಷ ದಾಟಿ, ಊರಿನ ಜನಸಂಖ್ಯೆಯನ್ನೇ ಹಿಂದಿಕ್ಕಿತ್ತು. ಅದರಲ್ಲಿ ಸಿಂಹಪಾಲು ದ್ವಿಚಕ್ರದ್ದು. ಸಂಜೆ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ ಹೋಟೆಲಿನ ಮುಂದೆ ನಿಂತರೆ ಸಾಕು. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಈ ಹೋಟೆಲಿನ ದೋಸೆಗೆ ಜನ ಕಾದು ನಿಲ್ಲುತ್ತಾರೆ, ಅವರ ಗಾಡಿಗಳು ರಸ್ತೆ ಬದಿಯಲ್ಲಿ ಕಾದು ನಿಲ್ಲುತ್ತವೆ. ಬೆಲೆ ಇರುವ, ಗಾಲಿ ಇರುವ, ತಾನೇ ಓಡಿಹೋಗಬಲ್ಲ ವಸ್ತು; ಒಡೆಯ ಒಳಗೆ ಸಾಂಬಾರಿಗೆ ಕಾಯುತ್ತಿದ್ದಾನೆ.

ಉಳಿದ ಅಂಶ, ಅಂದರೆ ಕದಿಯುವ ಮನಸ್ಸು, ನಾವು ಅಂದುಕೊಂಡಷ್ಟು ಅಪರೂಪದ್ದಲ್ಲ. ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1969ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ನಂಬರ್ ಪ್ಲೇಟ್ ತೆಗೆದ, ಬಾನೆಟ್ ಎತ್ತಿಟ್ಟ ಹಳೆಯ ಕಾರನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಿಟ್ಟು ದೂರದಿಂದ ನೋಡುತ್ತ ಕುಳಿತರು. ಹತ್ತು ನಿಮಿಷದೊಳಗೆ ಮೊದಲ ಕಳ್ಳರು ಬಂದರು: ಅಪ್ಪ, ಅಮ್ಮ ಮತ್ತು ಮಗ! ಅಪ್ಪ ಮಗ ಸೇರಿ ಬ್ಯಾಟರಿ, ರೇಡಿಯೇಟರ್ ಬಿಚ್ಚಿದರು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಬಿಟ್ಟ ಅಂಥದೇ ಕಾರನ್ನು ವಾರವಾದರೂ ಯಾರೂ ಮುಟ್ಟಲಿಲ್ಲ. ಕೊನೆಗೆ ಜಿಂಬಾರ್ಡೊ ಮತ್ತು ಶಿಷ್ಯರು ತಾವೇ ಸುತ್ತಿಗೆ ಹಿಡಿದು ಮೊದಲ ಏಟು ಕೊಟ್ಟ ಮೇಲೆ ಅಲ್ಲಿಯೂ ಜನ ಸೇರಿಕೊಂಡರು. ಸಮಯಸಾಧಕ ಕಳ್ಳನಿಗೆ ಬೇರೆ ಮುಖವಿಲ್ಲ.

ಈಗ ನಮ್ಮ ಕಡೆಯ ತಪ್ಪಿಗೆ ಬರೋಣ. ಕಳುವಾದ ಎಷ್ಟೋ ಗಾಡಿಗಳಲ್ಲಿ ಕೀಲಿ ಅಲ್ಲೇ ನೇತಾಡುತ್ತಿತ್ತು. ಇದನ್ನು ಅಜಾಗ್ರತೆ ಎಂದು ಬೈದು ಮುಗಿಸುವುದು ಸುಲಭ. ಆದರೆ ಮಿದುಳು ಇಲ್ಲಿ ಎಡವುವುದಕ್ಕೆ ಒಂದು ನಿಯಮವಿದೆ. ಮೈಕೆಲ್ ಬೈರ್ನ್ ಮತ್ತು ಸೂಸನ್ ಬೊವೇರ್ 1997ರಲ್ಲಿ ಅದನ್ನು ಪ್ರಯೋಗದಲ್ಲಿ ತೋರಿಸಿದರು. ಯಾವ ಉದ್ದೇಶಕ್ಕೆ ಕೆಲಸ ಶುರು ಮಾಡಿದೆವೋ ಅದು ಕೈಗೂಡಿದ ಕ್ಷಣ ಮಿದುಳು ಆ ಕಡತವನ್ನು ಮುಚ್ಚಿಬಿಡುತ್ತದೆ. ಆಮೇಲೆ ಉಳಿದ ಹೆಜ್ಜೆ ಬಿಟ್ಟುಹೋಗುತ್ತದೆ. ಜೆರಾಕ್ಸ್ ಮಾಡಿಸಿ ಮೂಲಪ್ರತಿಯನ್ನು ಯಂತ್ರದಲ್ಲೇ ಬಿಡುವುದು ಇದೇ ತಪ್ಪು. ಹಣ ಮೊದಲು ಬಂದು ಕಾರ್ಡ್ ಆಮೇಲೆ ಹೊರಬರುವ ಎಟಿಎಂಗಳಲ್ಲಿ ಜನ ಕಾರ್ಡ್ ಮರೆಯುತ್ತಿದ್ದರು. ಕಾರ್ಡ್ ಮೊದಲು, ಹಣ ಆಮೇಲೆ ಎಂದು ಸರದಿ ತಿರುಗಿಸಿದ ಮೇಲೆ ಆ ತೊಂದರೆ ಬಹುಪಾಲು ಇಳಿಯಿತು. ಜನರಿಗೆ ಬುದ್ಧಿ ಹೇಳಿ ಆದದ್ದಲ್ಲ ಇದು.

ಸ್ಕೂಟರಿನಲ್ಲಿ ಈ ತಪ್ಪಿಗೆ ಎರಡು ಜಾಗ. ಮೊದಲನೆಯದು ಇಗ್ನಿಷನ್. ತಿಂಡಿಗೆ ಹೆಸರಾದ ಚಿತಳೆಯವರ ಅಂಗಡಿ ಒಂದು ಕಾಲಕ್ಕೆ ಮಧ್ಯಾಹ್ನ ಒಂದಕ್ಕೆ ಬಾಗಿಲೆಳೆದು ನಾಲ್ಕಕ್ಕೆ ತೆರೆಯುತ್ತಿತ್ತು ಎಂಬುದು ಪುಣೆಯ ಹಾಸ್ಯಗಳಲ್ಲೆಲ್ಲ ಬರುವ ಸಂಗತಿ. ಒಂದಕ್ಕೆ ಐದು ನಿಮಿಷ ಇರುವಾಗ ಬಾಕರ್‌ವಡಿಗೆ ಓಡಿ ಬಂದವನ ಉದ್ದೇಶ ಗಾಡಿ ನಿಲ್ಲಿಸುವುದಲ್ಲ, ಅಂಗಡಿಯೊಳಗೆ ಕಾಲಿಡುವುದು. ಸೈಡ್ ಸ್ಟ್ಯಾಂಡ್ ಹಾಕಿದ ಕೂಡಲೇ ಮನಸ್ಸು ಒಳಗೆ ಹೋಗಿರುತ್ತದೆ, ಕೀಲಿ ಇಗ್ನಿಷನ್‌ನಲ್ಲೇ. ಎರಡನೆಯ ಜಾಗ ಡಿಕ್ಕಿ. ಸೀಟಿನ ಬೀಗಕ್ಕೆ ಕೀಲಿ ಹಾಕಿ, ಸೀಟು ಎತ್ತಿ, ತಿಂಡಿಯ ಪೊಟ್ಟಣ ಇಟ್ಟು, ಸೀಟು ಒತ್ತಿ ಮುಚ್ಚಿದರೆ ಕೆಲಸ ಮುಗಿಯಿತು ಎನ್ನುತ್ತದೆ ಮಿದುಳು. ಕೀಲಿ ಹಿಂಬದಿಯಲ್ಲಿ ನೇತಾಡುತ್ತ ಉಳಿಯುತ್ತದೆ. ಒಡೆಯ "ಇನ್ನೊಂದು ಸಾಮಾನು ತಂದುಬಿಡೋಣ" ಎಂದು ಮುಂದಿನ ಅಂಗಡಿಗೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಮನೆಯ ಕೀಲಿ, ಆಫೀಸಿನ ಕಪಾಟಿನ ಕೀಲಿ, ಗಾಡಿಯ ಕೀಲಿ ಎಲ್ಲವನ್ನೂ ಒಂದೇ ಗೊಂಚಲಲ್ಲಿ ಕಟ್ಟುವುದು. ಗೊಂಚಲು ಭಾರವಾಗಿ ಜೇಬು ಹರಿದರೂ ಚಿಂತೆಯಿಲ್ಲ, ಮುಂದಿನ ಬಾಗಿಲಲ್ಲಿ ನಿಂತ ತಕ್ಷಣ ಮರೆವು ಗೊತ್ತಾಗುತ್ತದೆ.

ಕೀಲಿ ಜೇಬಿನಲ್ಲಿದ್ದರೂ ಬೀಗದ ಮೇಲೆ ಪೂರ್ತಿ ಭರವಸೆ ಇಡಬೇಡಿ. ಸಾಮಾನ್ಯ ಗಾಡಿಯ ಬೀಗದೊಳಗೆ ಸಣ್ಣ ಹಿತ್ತಾಳೆಯ ಬಿಲ್ಲೆಗಳಿರುತ್ತವೆ. ಕೀಲಿಯ ಹಲ್ಲುಗಳು ಅವನ್ನು ಸರಿಯಾದ ಎತ್ತರಕ್ಕೆ ತಂದಾಗ ಬೀಗ ತಿರುಗುತ್ತದೆ. ಆರು ಬಿಲ್ಲೆ, ಒಂದೊಂದಕ್ಕೆ ನಾಲ್ಕು ಎತ್ತರ ಎಂದುಕೊಂಡರೆ ಒಟ್ಟು 4096 ಬಗೆಯ ಕೀಲಿಗಳು ಸಾಧ್ಯ. ಸಾಕಷ್ಟಾಯಿತು ಎನಿಸುತ್ತದೆ. ಆದರೆ ಒಂದೇ ಬಗೆಯ ಬೀಗದ ನೂರು ಸ್ಕೂಟರುಗಳು ಒಂದು ಪಾರ್ಕಿಂಗ್‌ನಲ್ಲಿ ನಿಂತರೆ ಅವುಗಳಲ್ಲಿ ಯಾವುದಾದರೂ ಎರಡರ ಕೀಲಿ ಒಂದೇ ಆಗಿರುವ ಸಂಭವ ಶೇಕಡಾ 70! ನೂರರಲ್ಲಿ ಜೋಡಿಗಳ ಸಂಖ್ಯೆ 4950 ಆಗುವುದರಿಂದ ಹೀಗೆ. ಅದಕ್ಕೇ ಮದುವೆ ಮನೆಯಿಂದ ಬೇರೆಯವರ ಸ್ಕೂಟರನ್ನು ತನ್ನ ಕೀಲಿಯಿಂದಲೇ ಶುರು ಮಾಡಿ ಮನೆ ಮುಟ್ಟಿದವರ ಕಥೆಗಳು ಪ್ರತಿ ಊರಲ್ಲೂ ಸಿಗುತ್ತವೆ. ಬಿಲ್ಲೆಗಳು ಸವೆದ ಹಳೆಯ ಗಾಡಿಗೆ ಈ ಲೆಕ್ಕವೂ ಬೇಡ, ಹತ್ತಿರದ ಅಳತೆಯ ಯಾವ ಕೀಲಿಯಾದರೂ ನಡೆದೀತು.

ಹ್ಯಾಂಡಲ್ ಲಾಕಿನ ಮಿತಿ ಬೀಗದ್ದಲ್ಲ, ಸನ್ನೆಗೋಲಿನದು. ಹ್ಯಾಂಡಲಿನ ತುದಿ ತಿರುಗುವ ಅಕ್ಷದಿಂದ ಒಂದಡಿಗೂ ಹೆಚ್ಚು ದೂರ. ಅದನ್ನು ತಡೆದು ನಿಲ್ಲಿಸುವ ಲಾಕಿನ ಗೂಟ ಅಕ್ಷದಿಂದ ಕೆಲವೇ ಸೆಂಟಿಮೀಟರ್. ಕಲ್ಲು ಮೀಟುವ ಹಾರೆಯಲ್ಲಿ ಆಗುವಂತೆ ತುದಿಗೆ ಬಿದ್ದ ಬಲ ಗೂಟದ ಹತ್ತಿರ ಹತ್ತು ಪಟ್ಟಾಗುತ್ತದೆ. ಬೆರಳು ದಪ್ಪದ ಗೂಟ ಅದನ್ನು ಎಷ್ಟೆಂದು ತಡೆದೀತು? ಲಾಕ್ ಮಾಡುವುದೇ ಬೇಡವೆಂದು ಇದರ ಅರ್ಥವಲ್ಲ. ಅದು ಮುರಿಯುವಾಗ ಸದ್ದಾಗುತ್ತದೆ, ಒಂದಿಷ್ಟು ಸೆಕೆಂಡು ಹಿಡಿಯುತ್ತದೆ. ಹೋಗುವ ದಾರಿಯಲ್ಲಿ ಮನಸ್ಸಾದ ಕಳ್ಳನಿಗೆ ಆ ಸದ್ದೇ ಸಾಕು, ಪಕ್ಕದ ಲಾಕಿಲ್ಲದ ಗಾಡಿಯತ್ತ ಹೊರಳುತ್ತಾನೆ. ಗಾಲಿಗೆ ಹಾಕುವ ಡಿಸ್ಕ್ ಲಾಕ್, ಕಂಬಕ್ಕೆ ಸುತ್ತುವ ಸರಪಳಿಗಳ ಲಾಭ ಇನ್ನೂ ಹೆಚ್ಚು. ಅವು ದೂರದಿಂದಲೇ ಕಾಣುತ್ತವೆ, ಅವನ್ನು ಬಿಡಿಸಲು ಬಗ್ಗಿ ಕೂರಬೇಕು, ಬಗ್ಗಿ ಕೂತವನನ್ನು ಜನ ತಿರುಗಿ ನೋಡುತ್ತಾರೆ.

ಬೈಕ್ ಕಳವಿನ ಮೇಲೆ ಅತಿ ದೊಡ್ಡ ಹೊಡೆತ ಕೊಟ್ಟದ್ದು ಮಾತ್ರ ಯಾವ ಬೀಗವೂ ಅಲ್ಲ, ಹೆಲ್ಮೆಟ್. ಅದೂ ಅರಿವಿಲ್ಲದೆ.

ಪಶ್ಚಿಮ ಜರ್ಮನಿಯಲ್ಲಿ 1976ರಿಂದ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಿತ್ತು, ಆದರೆ ಹಾಕದಿದ್ದರೆ ದಂಡವಿರಲಿಲ್ಲ. 1980ರಲ್ಲಿ ಸ್ಥಳದಲ್ಲೇ ದಂಡ ಹಾಕತೊಡಗಿದರು. ಉದ್ದೇಶ ತಲೆ ಉಳಿಸುವುದು. ಆ ವರ್ಷ ದೇಶದಲ್ಲಿ ಕಳುವಾದ ಬೈಕುಗಳು ಸುಮಾರು 1.5 ಲಕ್ಷ. 1986ರ ಹೊತ್ತಿಗೆ ಅದು ಸುಮಾರು 54 ಸಾವಿರಕ್ಕೆ ಇಳಿದಿತ್ತು. ಪ್ಯಾಟ್ ಮೇಹ್ಯೂ, ರೊನಾಲ್ಡ್ ಕ್ಲಾರ್ಕ್ ಮತ್ತು ಡೇವಿಡ್ ಎಲಿಯಟ್ 1989ರಲ್ಲಿ ಈ ಅಂಕಿಗಳನ್ನು ಮುಂದಿಟ್ಟಾಗ ಅಪರಾಧಶಾಸ್ತ್ರದವರು ಕಣ್ಣುಜ್ಜಿಕೊಂಡರು. ಕಾರಣ ಸರಳ. ಮೊದಲೇ ಯೋಜಿಸಿ ಬರುವ ಕಳ್ಳ ಹೆಲ್ಮೆಟ್ ತರುತ್ತಾನೆ. ಬೀದಿಯಲ್ಲಿ ಒಂದು ಬೈಕ್ ಕಂಡು, ಸುತ್ತ ಯಾರೂ ಇಲ್ಲವೆಂದು ಮನಸ್ಸಾದವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಎಲ್ಲರೂ ಹೆಲ್ಮೆಟ್ ಹಾಕಿದ ರಸ್ತೆಯಲ್ಲಿ ಬರಿದಲೆಯಲ್ಲಿ ಹೊರಟವನು ಮೊದಲ ಸಿಗ್ನಲ್‌ನಲ್ಲೇ ಪೊಲೀಸರ ಕಣ್ಣಿಗೆ ಬೀಳುತ್ತಾನೆ. ಕಾನೂನು ರಸ್ತೆಯ ಮಾಮೂಲಿ ನೋಟವನ್ನೇ ಬದಲಿಸಿತ್ತು, ಕಳ್ಳನಿಗೆ ಅಡಗುವ ಜಾಗ ಇಲ್ಲವಾಗಿತ್ತು.

ಬೈಕ್ ಬಿಟ್ಟವರು ಕಾರಿಗೆ ಹಾರಿರಬೇಕಲ್ಲ ಎಂದು ನೀವು ಕೇಳಬಹುದು, ಸಂಶೋಧಕರೂ ಕೇಳಿದರು. ಕಾರು ಕಳವು ಕೆಲವು ಸಾವಿರವಷ್ಟೇ ಏರಿತ್ತು. ಸೈಕಲ್ ಕಳವು ಇಳಿದೇ ಇತ್ತು. ಸುಮಾರು ಒಂದು ಲಕ್ಷ ಕಳವುಗಳು ಎಲ್ಲಿಗೂ ಹೋಗಲಿಲ್ಲ, ನಡೆಯಲೇ ಇಲ್ಲ! ಕಳ್ಳತನ ಮಾಡಲೇಬೇಕೆಂದು ಹೊರಟವನನ್ನು ಒಂದು ಕಡೆ ತಡೆದರೆ ಇನ್ನೊಂದು ಕಡೆ ನುಗ್ಗುತ್ತಾನೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನಗೆ ಗೊತ್ತಿಲ್ಲ.

ಇದನ್ನು ಓದುವಾಗ ಪುಣೆಯವರು ನಕ್ಕಾರು. ಹೆಲ್ಮೆಟ್ ಕಡ್ಡಾಯದ ವಿರುದ್ಧ ಇಷ್ಟು ಹಟದಿಂದ ಹೋರಾಡಿದ ಇನ್ನೊಂದು ಊರು ದೇಶದಲ್ಲಿದೆಯೋ ಇಲ್ಲವೋ. ಇಲ್ಲಿ ಅದಕ್ಕೆಂದೇ ಕ್ರಿಯಾ ಸಮಿತಿ ಹುಟ್ಟಿಕೊಂಡಿತ್ತು. 2019ರ ಜನವರಿ 1ರಿಂದ ಪೊಲೀಸರು ಬಿಗಿ ಮಾಡಿದಾಗ ಹೆಲ್ಮೆಟ್ ಇಲ್ಲದೆಯೇ ಬೈಕ್ ರ‍್ಯಾಲಿ ನಡೆಯಿತು. ಊರೊಳಗೆ ಗಾಡಿ ನಿಧಾನ ಹೋಗುತ್ತದೆ, ಕುತ್ತಿಗೆ ನೋಯುತ್ತದೆ, ಇಳಿದ ಮೇಲೆ ಅದನ್ನು ಹೊತ್ತು ತಿರುಗಬೇಕು ಎಂಬವು ವಾದಗಳು. ತಮಾಷೆಯೆಂದರೆ ಇದೇ ಊರಿನ ಹೆಣ್ಣುಮಕ್ಕಳು ಧೂಳು ಬಿಸಿಲಿಗೆ ಅಂಜಿ ಕಣ್ಣೆರಡು ಬಿಟ್ಟು ಮುಖವನ್ನೆಲ್ಲ ಓಢಣಿಯಿಂದ ಸುತ್ತಿಕೊಂಡು ಸ್ಕೂಟರ್ ಓಡಿಸುತ್ತಾರೆ. ಗಂಡಸರೂ ಕರವಸ್ತ್ರ ಕಟ್ಟುತ್ತಾರೆ. ಮುಖ ಮುಚ್ಚಿದೆ, ತಲೆಗೆ ಹೆಲ್ಮೆಟ್ ಇಲ್ಲ. ಜರ್ಮನಿಯಲ್ಲಿ ಯಾವ ವೇಷ ಕಳ್ಳನನ್ನು ಹಿಡಿದುಕೊಟ್ಟಿತೋ ಅದೇ ವೇಷ ಇಲ್ಲಿ ಅವನನ್ನು ಗುಂಪಿನಲ್ಲಿ ಕರಗಿಸುತ್ತದೆ.

ಆದರೂ ಹೆಲ್ಮೆಟ್ ನಿಯಮ ಇಲ್ಲಿ ಹಿಂಬಾಗಿಲಿನಿಂದ ಕೆಲಸ ಮಾಡತೊಡಗಿದೆ. ಈಗ ದಂಡ ಹಾಕುವುದು ಕ್ಯಾಮೆರಾ. ಗಾಡಿ ಕಳೆದುಕೊಂಡವರ ಮೊಬೈಲಿಗೆ ತಿಂಗಳುಗಳ ಮೇಲೆ ಒಂದು ಚಲನ್ ಬರುತ್ತದೆ: ನಿಮ್ಮ ಗಾಡಿಯ ಸವಾರ ಹೆಲ್ಮೆಟ್ ಹಾಕಿಲ್ಲ. ಜೊತೆಗೆ ಜಾಗ, ಹೊತ್ತು, ಫೋಟೊ. ಕಳ್ಳನ ತಪ್ಪಿಗೆ ದಂಡ ತನಗೆ ಬಂತೆಂದು ಒಡೆಯ ಮೊದಲು ಸಿಟ್ಟಾಗುತ್ತಾನೆ, ಆಮೇಲೆ ಫೋಟೊ ಹಿಡಿದು ಠಾಣೆಗೆ ಓಡುತ್ತಾನೆ. ಇಂಥ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಒಮ್ಮೆ ಬಿಚ್ಚಿದರೆ ಮತ್ತೆ ಕೂಡಿಸಲಾಗದ ಸ್ನ್ಯಾಪ್ ಲಾಕಿನ, ಲೇಸರ್‌ನಿಂದ ಸಂಖ್ಯೆ ಕೆತ್ತಿದ ಹೊಸ ಬಗೆಯ ನಂಬರ್ ಪ್ಲೇಟನ್ನು 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಕಡ್ಡಾಯ ಮಾಡಿದ್ದರ ಹಿಂದೆಯೂ ಇದೇ ಲೆಕ್ಕಾಚಾರ. ಕದಿಯುವುದನ್ನು ಅದು ತಡೆಯುವುದಿಲ್ಲ, ಕದ್ದದ್ದನ್ನು ಬೇರೆ ಹೆಸರಲ್ಲಿ ಓಡಿಸುವುದನ್ನು ಕಷ್ಟ ಮಾಡುತ್ತದೆ.

ಅಡ್ಡಗಟ್ಟಿದರೆ ಕಳ್ಳ ಪಕ್ಕಕ್ಕೆ ಸರಿಯುವುದೇ ಇಲ್ಲವೆಂದಲ್ಲ. ಸ್ಟೀರಿಂಗ್ ಲಾಕನ್ನು ಪಶ್ಚಿಮ ಜರ್ಮನಿ 1963ರೊಳಗೆ ಹಳೆಯ, ಹೊಸ ಎಲ್ಲ ಕಾರುಗಳಿಗೂ ಕಡ್ಡಾಯ ಮಾಡಿತು. ಕಳವು ಗಣನೀಯವಾಗಿ ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗಷ್ಟೇ ಹೇಳಿತು. ಹೊಸ ಕಾರುಗಳ ಕಳವು ಇಳಿಯಿತು, ಹಳೆಯವುಗಳದ್ದು ಏರಿತು. ಲಾಕಿಲ್ಲದ ಹಳೆಯ ಕಾರು ಅದೇ ಬೀದಿಯಲ್ಲಿ ನಿಂತಿರುವಾಗ ಕಳ್ಳನಿಗೆ ದಾರಿ ಮುಚ್ಚಿದ್ದೆಲ್ಲಿ? ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಸೈಕಲ್ ನಿಲ್ದಾಣಗಳಲ್ಲಿ ದಿಟ್ಟಿಸುವ ಎರಡು ಕಣ್ಣುಗಳ ದೊಡ್ಡ ಚಿತ್ರ, ಕೆಳಗೆ "ಕಳ್ಳರೇ, ನಿಮ್ಮನ್ನು ನೋಡುತ್ತಿದ್ದೇವೆ" ಎಂಬರ್ಥದ ಬರಹ ಅಂಟಿಸಿದರು. ಚಿತ್ರವಿದ್ದಲ್ಲಿ ಕಳವು ಶೇ. 62ರಷ್ಟು ಇಳಿಯಿತು, ಇಲ್ಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಏರಿತು. ಕಾಗದದ ಕಣ್ಣು ತನ್ನ ಸೈಕಲನ್ನು ಉಳಿಸಿ ಪಕ್ಕದವರದ್ದನ್ನು ಒಪ್ಪಿಸಿತ್ತು.

ಹಾಗಾದರೆ ನಿಜವಾದ ಕಣ್ಣು? ಪ್ರಯಾಣ ಹೊರಟವರಿಗೆ ಮನೆಯವರು ಹೇಳುವ "ಹುಷಾರು, ಗಮನ ಇರ್ಲಿ" ಎಂಬ ಮಾತನ್ನು ಮಿದುಳು ಎಷ್ಟು ಹೊತ್ತು ಪಾಲಿಸೀತು? ಇದನ್ನು ಅಳೆದವರು ನಾರ್ಮನ್ ಮ್ಯಾಕ್‌ವರ್ತ್. ಎರಡನೇ ಮಹಾಯುದ್ಧದಲ್ಲಿ ರಡಾರ್ ಪರದೆಯ ಮುಂದೆ ಕುಳಿತ ಬ್ರಿಟಿಷ್ ವಾಯುಪಡೆಯವರು ಜಲಾಂತರ್ಗಾಮಿಯ ಚುಕ್ಕೆಯನ್ನು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂಬುದು ಪ್ರಶ್ನೆ. ಮ್ಯಾಕ್‌ವರ್ತ್ ಒಂದು ಬಿಳಿ ಗಡಿಯಾರ ಮಾಡಿಸಿದರು. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು. 1948ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲ ಅರ್ಧ ಗಂಟೆ ಕಳೆಯುತ್ತಲೇ ತಪ್ಪುಗಳು ಏರುತ್ತವೆ. ತರಬೇತಿಯಾದ, ಯುದ್ಧದ ಹೊಣೆ ಹೊತ್ತ ಹುಡುಗರ ಪಾಡು ಇದು. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಸೇರಿಸಿದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಅದನ್ನು ತಪ್ಪಿಸಿಕೊಂಡದ್ದು ಶೇ. 7ರಷ್ಟು ಸಲ, ನೂರರಲ್ಲಿ ಒಂದರಲ್ಲಷ್ಟೇ ಇದ್ದಾಗ ಶೇ. 30ರಷ್ಟು ಸಲ. ಅಪರೂಪದ್ದನ್ನು ಕಣ್ಣು ಇದ್ದಲ್ಲೇ ಕಾಣುವುದಿಲ್ಲ. ಕಳ್ಳ ನಮ್ಮ ಬದುಕಿನಲ್ಲಿ ಅಪರೂಪದವನು.

ಪುಣೆ ಈ ಪಾಠವನ್ನು ಎರಡು ಸಲ ಕ್ರೂರವಾಗಿ ಕಲಿತಿದೆ. 2012ರ ಜನವರಿ 25ರ ಬೆಳಿಗ್ಗೆ ಸ್ವಾರಗೇಟ್ ಡಿಪೋದಿಂದ ರಾಜ್ಯ ಸಾರಿಗೆಯ ಚಾಲಕನೊಬ್ಬ ಒಂದು ಬಸ್ಸನ್ನು ಹೊರಗೆ ತಂದ. ಡಿಪೋದ ಚಾಲಕ ಡಿಪೋದ ಬಸ್ ಹೊರತರುವುದರಲ್ಲಿ ನೋಡುವಂಥದ್ದೇನಿದೆ? ಅವನು ಅದನ್ನು ಊರೊಳಗೆ ಎದುರು ದಿಕ್ಕಿನಲ್ಲೂ ನುಗ್ಗಿಸಿ ಒಂಬತ್ತು ಜನರನ್ನು ಕೊಂದ. ಮರಣದಂಡನೆಯಾಗಿದ್ದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಎರಡನೆಯದು 2014ರ ಜುಲೈ 10. ದಗಡೂಶೇಠ್ ಗಣಪತಿ ದೇವಸ್ಥಾನಕ್ಕೆ ಹತ್ತಿರದ ಫರಾಸಖಾನಾ ಪೊಲೀಸ್ ಠಾಣೆಯ ಪಾರ್ಕಿಂಗ್‌ನಲ್ಲಿ ನಿಂತಿದ್ದ ಬೈಕೊಂದು ಸ್ಫೋಟಿಸಿ ಕೆಲವರು ಗಾಯಗೊಂಡರು. ತನಿಖೆಯಲ್ಲಿ ಆ ಬೈಕ್ ಸಾತಾರಾದಿಂದ ಕದ್ದದ್ದೆಂದೂ ಅದರ ಒಡೆಯನೂ ಪೊಲೀಸನೇ ಎಂದೂ ಗೊತ್ತಾಯಿತು. ಬೈಕುಗಳ ಸಾಲಿನಲ್ಲಿ ಇನ್ನೊಂದು ಬೈಕ್, ಅದೂ ಠಾಣೆಯ ಎದುರಿಗೆ.

ದೂರ ಪ್ರಯಾಣದಲ್ಲಿ ಕಣ್ಣಿನ ಈ ಸೋಲನ್ನು ಕಸುಬು ಮಾಡಿಕೊಂಡವರಿದ್ದಾರೆ. ಕನ್ನಡ ಪತ್ರಿಕೆಗಳಲ್ಲಿ "ಗಮನ ಬೇರೆಡೆ ಸೆಳೆದು ಕಳವು" ಎಂದು ಬರುವುದು ಇದೇ. ಪುಣೆಯಿಂದ ಬೆಂಗಳೂರಿಗೆ ಎಂಟುನೂರು ಕಿಲೋಮೀಟರಿಗೂ ಮೀರಿದ ಹೆದ್ದಾರಿ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಎಂದು ಊಟಕ್ಕೆ, ಚಹಕ್ಕೆ ನಿಲ್ಲುವುದು ಇದ್ದದ್ದೇ. ಸಿಗ್ನಲ್‌ನಲ್ಲೋ ಢಾಬಾದ ಮುಂದೆಯೋ ಒಬ್ಬ ಕಿಟಕಿ ತಟ್ಟಿ "ದಾದಾ, ಆಯಿಲ್ ಗಳತಂಯ" ಎನ್ನುತ್ತಾನೆ. ಬೆಂಗಳೂರಾದರೆ "ಸಾರ್, ಆಯಿಲ್ ಸೋರ್ತಾ ಇದೆ", ಇಲ್ಲವೇ ನೆಲದ ಮೇಲೆ ಚೆಲ್ಲಿದ ಹತ್ತರ ನೋಟುಗಳು. ನೀವು ಇಳಿದು ಬಗ್ಗಿ ನೋಡುವಾಗ ಆ ಕಡೆಯ ಬಾಗಿಲಿನಿಂದ ಬ್ಯಾಗ್ ಹೋಗುತ್ತದೆ. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಚಾಬ್ರಿ 1999ರಲ್ಲಿ ಮಾಡಿದ ಪ್ರಯೋಗ ಇದೇ ಸೂತ್ರದ್ದು. ಚೆಂಡನ್ನು ಎಷ್ಟು ಸಲ ಕೈ ಬದಲಿಸಿದರೆಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಟದ ನಡುವೆ ಬಂದು ಎದೆ ಬಡಿದುಕೊಂಡು ಹೋದ ಗೊರಿಲ್ಲಾ ವೇಷಧಾರಿಯನ್ನೇ ಕಾಣಲಿಲ್ಲ. ಎಣಿಸುವ ಕೆಲಸ ಕೊಟ್ಟದ್ದೇ ಕಣ್ಣು ಕಟ್ಟಿದಂತೆ. ಅಪರಿಚಿತ ನಿಮಗೊಂದು ಕೆಲಸ ಕೊಟ್ಟರೆ ಇಳಿಯುವ ಮೊದಲು ಕಾರಿನ ನಾಲ್ಕೂ ಬಾಗಿಲು ಲಾಕ್ ಮಾಡಿ ಇಳಿಯಿರಿ. ಆಯಿಲ್ ಸೋರುತ್ತಿದ್ದರೆ ಇನ್ನೂ ಎರಡು ನಿಮಿಷ ಸೋರಲಿ.

ಕಾರಿನ ಪಕ್ಕದ ಗಾಜನ್ನೂ ಗೋಡೆಯೆಂದು ನಂಬಬೇಡಿ. ಅದು ಹದಗೊಳಿಸಿದ ಗಾಜು. ಕಾಸಿ ತಟ್ಟನೆ ತಣಿಸುವುದರಿಂದ ಹೊರಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಸಿಕ್ಕಿಕೊಂಡಿರುತ್ತದೆ. ಅಂಗೈಯ ಗುದ್ದಿಗೆ ಜಗ್ಗುವುದಿಲ್ಲ. ಒಂದು ಚೂಪು ಗಾಯ ಹೊರಮೈ ದಾಟಿ ಒಳಗಿಳಿದರೆ ಇಡೀ ಗಾಜು ಕಲ್ಲುಸಕ್ಕರೆಯಷ್ಟು ಚೂರಾಗಿ ಉದುರುತ್ತದೆ. ಅಪಘಾತದಲ್ಲಿ ಈಟಿಯಂಥ ಚೂರುಗಳು ಆಗಬಾರದೆಂದೇ ಹೀಗೆ ಮಾಡಿರುವುದು. ಕಳ್ಳನಿಗೆ ಅದು ಕ್ಷಣದ ಕೆಲಸವಾದ್ದರಿಂದ ಗಾಜಿನಾಚೆ ಏನು ಕಾಣುತ್ತಿದೆ ಎಂಬುದೇ ಪ್ರಶ್ನೆ. ಹಿಂದಿನ ಸೀಟಿನ ಲ್ಯಾಪ್‌ಟಾಪ್ ಬ್ಯಾಗನ್ನು ಡಿಕ್ಕಿಗೆ ಹಾಕುವುದಾದರೆ ಹೊರಡುವಾಗಲೇ ಹಾಕಬೇಕು. ಹೋಟೆಲಿನ ಮುಂದೆ ನಿಲ್ಲಿಸಿ, ಎಲ್ಲರೆದುರು ಡಿಕ್ಕಿ ತೆರೆದು ಬ್ಯಾಗ್ ಅಡಗಿಸಿಡುವುದು ಕಳ್ಳನಿಗೆ ಚೀಟಿ ಬರೆದುಕೊಟ್ಟಂತೆ.

ಗಾಡಿ ಹೋಯಿತೆಂದಾದ ಮೇಲೆ ಮಾಡಬೇಕಾದ್ದು ಒಂದೇ, ತಡಮಾಡದೆ ದೂರು. ಕಳವಾದ ಕೂಡಲೇ ಎಫ್‌ಐಆರ್ ದಾಖಲಿಸಿದ್ದರೆ, ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ನೆಪಕ್ಕೆ ಪರಿಹಾರ ತಳ್ಳಿಹಾಕುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂಪನಿಯವರು ಎರಡೂ ಕೀಲಿ ತನ್ನಿ ಎಂದು ಕೇಳುತ್ತಾರೆ. ಎರಡನೆಯದು ಮನೆಯ ಯಾವ ಡ್ರಾಯರಿನಲ್ಲಿದೆ ಎಂದು ಇವತ್ತೇ ನೋಡಿಡುವುದು ಲೇಸು.

ಕೀಲಿಯ ವಿದ್ಯೆಯೂ ಈ ನಡುವೆ ಬೆಳೆಯಿತು. ಕೀಲಿಯ ಹಿಡಿಯೊಳಗೆ ಒಂದು ಚಿಪ್. ಅದು ಸರಿಯಾದ ಸಂಕೇತ ಹೇಳಿದರೆ ಮಾತ್ರ ಎಂಜಿನ್ ಶುರು. ಈ ಇಮ್ಮೊಬಿಲೈಜರ್ 1998ರಿಂದ ಯುರೋಪಿನ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ನೆದರ್ಲೆಂಡ್ಸ್‌ನ ಅಂಕಿಗಳನ್ನು ಜಾಲಾಡಿದ ಯಾನ್ ವಾನ್ ಔರ್ಸ್ ಮತ್ತು ಬೆನ್ ವೊಲಾರ್ಡ್, ಇದರಿಂದ ಕಾರು ಕಳವು ಸರಾಸರಿ ಶೇ. 40ರಷ್ಟು ಇಳಿಯಿತೆಂದು ಲೆಕ್ಕ ಹಾಕಿದ್ದಾರೆ. ಕೆನಡಾ 2007ರಲ್ಲಿ ಕಡ್ಡಾಯ ಮಾಡಿತು, ಅಮೆರಿಕ ಮಾಡಲಿಲ್ಲ. ಅಮೆರಿಕದಲ್ಲಿ ಈ ಚಿಪ್ ಇಲ್ಲದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು 2021ರ ನಂತರ ಹದಿಹರೆಯದ ಹುಡುಗರು ವಿಡಿಯೊ ನೋಡಿ ಕಲಿತು ಕದಿಯತೊಡಗಿದರು. ಗಡಿಯಾಚೆಯ ಕೆನಡಾದಲ್ಲಿ ಅದೇ ಹೆಸರಿನ ಕಾರುಗಳಿಗೆ ಈ ಕಾಟವಿರಲಿಲ್ಲ.

ಚಿಪ್ ಮುಂದುವರಿದು ಕೀಲಿ ಜೇಬಿನಿಂದ ತೆಗೆಯುವುದೇ ಬೇಡವೆಂಬಲ್ಲಿಗೆ ಬಂತು. ಹತ್ತಿರ ಹೋದರೆ ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಶುರು. 2011ರಲ್ಲಿ ಜೂರಿಚ್‌ನ ಇಟಿಎಚ್ ಸಂಸ್ಥೆಯ ಮೂವರು ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಕಾರು ಮತ್ತು ಕೀಲಿಯ ನಡುವಿನ ರೇಡಿಯೊ ಮಾತನ್ನು ನಡುವೆ ನಿಂತು ದಾಟಿಸಿದರೆ ದೂರದಲ್ಲಿರುವ ಕೀಲಿಯನ್ನೂ ಕಾರು ಹತ್ತಿರವಿದೆ ಎಂದು ನಂಬುತ್ತದೆಂದು ತೋರಿಸಿದರು. ಸಂಕೇತದ ಗಣಿತವನ್ನು ಯಾರೂ ಮುರಿದಿರಲಿಲ್ಲ. ಮನೆಯ ಶೆಲ್ಫಿನ ಮೇಲಿಟ್ಟ ಕೀಲಿ ಬೀದಿಯ ಕಾರಿಗೆ ಬಾಗಿಲು ತೆರೆಯಿತು. ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯಗಳು ಎರಡು: ಅಲುಗಾಡದೆ ಇಟ್ಟರೆ ನಿದ್ರೆ ಹೋಗುವ ಕೀಲಿ, ಮತ್ತು ರೇಡಿಯೊ ಅಲೆ ಹೋಗಿ ಬರಲು ತಗಲುವ ಹೊತ್ತನ್ನೇ ಅಳೆದು ಕೀಲಿ ನಿಜಕ್ಕೂ ಎಷ್ಟು ದೂರವಿದೆ ಎಂದು ಕಂಡುಹಿಡಿಯುವ ವಿದ್ಯೆ. ಹಳೆಯ ಕೀಲಿ ಇರುವವರಿಗೆ ಉಳಿದದ್ದು ಅದನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡುವುದು, ಅಥವಾ ಬಿಡಿಭಾಗಗಳ ಅಂಗಡಿಯಲ್ಲಿ ಇವತ್ತಿಗೂ ತೂಗಾಡುವ ಹಳದಿ ಬಣ್ಣದ ಕಬ್ಬಿಣದ ಸರಳನ್ನು ತಂದು ಸ್ಟೀರಿಂಗ್ ಚಕ್ರಕ್ಕೆ ಅಡ್ಡ ಹಾಕುವುದು. ಮೂವತ್ತು ಲಕ್ಷದ ಕಾರಿನೊಳಗೆ ಅದು ಚೆನ್ನಾಗಿ ಕಾಣುವುದಿಲ್ಲ. ಆದರೆ ಗಾಜಿನಾಚೆಯಿಂದ ಎದ್ದು ಕಾಣುತ್ತದೆ, ಮತ್ತು ಅದನ್ನು ಕುಯ್ಯಲು ಕುಳಿತವನನ್ನು ಯಾರೂ ಕಾರಿನ ಒಡೆಯನೆಂದುಕೊಳ್ಳುವುದಿಲ್ಲ.